ಕಡಲ ಹಾವಿನ ತಲೆಯ ಮೇಲಿನ ಚುಕ್ಕೆಗಳು

ಮಗಳು ಸಮುದ್ರದ ಹಾವುಗಳ ಮೇಲೆ ಸಂಶೋಧನೆ ಮಾಡುತ್ತೇನೆಂದಾಗ ಮನೆಯಲ್ಲಿ ಜೋರಾಗಿ ಬೇಡವೆಂದವರು ನನ್ನ ಅತ್ತೆ.

"ಆಲ್ದೂರಲ್ಲಿ ಬೆಳೆದೋಳಿಗೆ ಕಡಲಿನ ಹಾವು ಯಾಕೆ ಮಾರಾಯ್ತಿ? ಅದೂ ವಿಷದ್ದು!"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಗಳ ಪರವಾಗಿ ಮಾತಾಡಿದೆನಾದರೂ ಒಳಗೊಳಗೇ ಹೆದರಿದ್ದೆ. ಅದಕ್ಕೇ ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ಅವಳ ಜೊತೆ ಘಟ್ಟ ಇಳಿದು ಹೋದೆ, ಅವಳ ಕೆಲಸ ಕಣ್ಣಾರೆ ನೋಡೋಣವೆಂದು.

ಕಡಲ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ಇವಳನ್ನು ಕಂಡದ್ದೇ ಕೈಬೀಸಿ ಕರೆದರು. "ಮೇಡಂ, ಬನ್ನಿ, ಇಲ್ಲೊಂದು ಹಾವುಂಟು!"

ಮಗಳು ದಪ್ಪ ಕೈಗವಸು ಹಾಕಿಕೊಂಡು, ಕೊಕ್ಕೆಕೋಲಿನಿಂದ ಹಾವನ್ನು ಬಲೆಯಿಂದ ಬಿಡಿಸಿ, ಅದರ ತಲೆಭಾಗವನ್ನು ಪಾರದರ್ಶಕ ಕೊಳವೆಯೊಳಗೆ ನುಗ್ಗಿಸಿದಳು. ದೋಣಿಯ ಹುಟ್ಟಿನಂಥ ಚಪ್ಪಟೆ ಬಾಲ ಹೊರಗೆ ಒದ್ದಾಡುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಮಾತ್ರ ಕೊಳವೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

ಫೋನಿಗೆ ಜೋಡಿಸಿದ ಪುಟ್ಟ ಮೈಕ್ರೋಸ್ಕೋಪನ್ನು ಕೊಳವೆಗೆ ತಾಗಿಸಿ ನನಗೆ ತೋರಿಸಿದಳು. ತಲೆಯ ಹುರುಪೆಗಳ ಮೇಲೆ ಸಾಸಿವೆಗಿಂತಲೂ ಎಷ್ಟೋ ಸಣ್ಣ ಉಬ್ಬು ಚುಕ್ಕೆಗಳು.

"ನೆಲದ ಹಾವಿಗೂ ಇವು ಇರ್ತವೆ ಅಮ್ಮ, ಮುಟ್ಟಿದ್ದು ಗೊತ್ತಾಗೋಕೆ. ಕೆಲವು ಕಡಲ ಹಾವುಗಳಲ್ಲಿ ಇನ್ನೂ ಉಬ್ಬಿರ್ತವೆ. ಕಲಕಿದ ನೀರಲ್ಲಿ ಕಣ್ಣು ಕಾಣಲ್ವಲ್ಲ? ಮೀನು ಹತ್ರ ಸುಳಿದಾಗ ನೀರು ಅಲುಗೋದು ಇವುಗಳಿಂದ ತಿಳಿಯತ್ತೇನೋ ಅಂತ ನಮ್ಮ ಅನುಮಾನ."

"ಅನುಮಾನ ಯಾಕೆ? ಪುಸ್ತಕದಲ್ಲಿ ಇಲ್ವಾ?"

"ಖಚಿತವಾಗಿ ಇನ್ನೂ ಯಾರಿಗೂ ಗೊತ್ತಿಲ್ಲ. ಅದನ್ನೇ ಹುಡುಕ್ತಿರೋದು."

ಇಷ್ಟು ವರ್ಷ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಮಕ್ಕಳಿಗೆ ಕೇಳುತ್ತ ಬಂದವಳು ನಾನು. ಉತ್ತರವೇ ಇಲ್ಲದ ಕಡೆ ನನ್ನ ಮಗಳು ಧೈರ್ಯವಾಗಿ ನಿಂತಿದ್ದಳು. ಪಕ್ಕದಲ್ಲಿದ್ದ ಮೀನುಗಾರರಿಗೆ, ಅವರು ಕೇಳದಿದ್ದರೂ, "ನನ್ನ ಮಗಳು" ಎಂದೆ. "ಗೊತ್ತುಂಟು ಅಮ್ಮ, ಮುಖ ಒಂದೇ" ಎಂದು ಅವರು ನಕ್ಕರು.

ಅಳತೆ ತೆಗೆದುಕೊಂಡ ಮೇಲೆ ಮಗಳು ದೋಣಿ ಹತ್ತಿ ಸ್ವಲ್ಪ ದೂರ ಹೋಗಿ ಹಾವನ್ನು ನೀರಿಗೆ ಬಿಟ್ಟು ಬಂದಳು.

ಬಲೆಗೆ ಸಿಕ್ಕ ಹಾವಿನ ವಿಷಯ ಫೋನಿನಲ್ಲಿ ಕೇಳಿದ್ದ ಅತ್ತೆ, ನಾನು ಮನೆಗೆ ಬಂದಾಗ ಬಾಗಿಲಲ್ಲೇ ಕಾಯುತ್ತಿದ್ದರು. "ಹಾವು ಬದುಕ್ತಾ?"

"ಈಜಿಕೊಂಡು ಹೋಯ್ತಂತೆ ಅತ್ತೆ."

"ಹಾಗಾದ್ರೆ ಒಳ್ಳೇ ಕೆಲಸಾನೇ ಬಿಡು."

ಮರುದಿನ ಪಕ್ಕದ ಮನೆಯವರ ಹತ್ತಿರ ಅವರು ಹೇಳುವುದು ಕೇಳಿಸಿತು: "ನಮ್ಮ ಮೊಮ್ಮಗಳು ಕಡಲಿನ ಹಾವುಗಳಿಗೆಲ್ಲ ಡಾಕ್ಟ್ರು."

ನಾನು ತಿದ್ದಲು ಹೋಗಲಿಲ್ಲ.