ವೆಂಕಟಲಕ್ಷ್ಮಮ್ಮ ಬರೆಸಿದ ಕಾಗದ

ಅಟ್ಟೂರಿನಲ್ಲಿ ವೆಂಕಟಲಕ್ಷ್ಮಮ್ಮನ ಬಾಯಿಗೆ ಹೆದರದವರಿಲ್ಲ. ನೀರಿನ ಟ್ಯಾಂಕರಿನವನು ತಡ ಮಾಡಿದರೆ ಅವನ ಏಳು ತಲೆಮಾರನ್ನು ಬೀದಿಗೆ ಎಳೆಯುತ್ತಿದ್ದಳು. ಬಾಡಿಗೆಯವರು ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೆ ಅದು ಕಾಂಪೌಂಡಿನಾಚೆ ಹಾರುತ್ತಿತ್ತು. ಯಲಹಂಕ ಸಂತೆಯಲ್ಲಿ ಸೊಪ್ಪು ಮಾರಿ ಗಟ್ಟಿಯಾದ ಜೀವ. ಇಂಥ ಗಟ್ಟಿಗಿತ್ತಿ ಒಬ್ಬನ ಮುಂದೆ ಮಾತ್ರ ಸೆರಗು ಹೊದ್ದು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದಳು. ಅವನು ಗಂಡನ ಅಣ್ಣ ದೊಡ್ಡಮುನಿಯಪ್ಪ. ಮದುವೆಯಾಗಿ ನಲವತ್ತೊಂದು ವರ್ಷವಾದರೂ ಭಾವನಿಗೆ ಎದುರು ಮಾತಾಡಿದವಳಲ್ಲ. ಆ ಮನೆತನದ ಹೆಂಗಸರು ಆಡುತ್ತಿರಲಿಲ್ಲ, ಅಷ್ಟೇ.

ಅದಕ್ಕೆ ದಂಡ ತೆತ್ತವನು ಗಂಡ ಮುನಿಕೃಷ್ಣಪ್ಪ. "ಆ ಪೈಪು ಗೀಪು ನಂಗ್ ಆಕಿಸ್ಬೇಡ ಕಣೇ, ಮನೇಲೇ ಓಯ್ತೀನಿ" ಎಂದು ಎಷ್ಟೋ ಸಲ ಹೇಳಿದ್ದ. ಹೋದ ವರ್ಷ ಮೆದುಳಿನಲ್ಲಿ ರಕ್ತ ಸೋರಿ ಆಸ್ಪತ್ರೆ ಸೇರಿದ. ಐದನೇ ದಿನ ಡಾಕ್ಟರು ಬಂದು, ಇನ್ನು ಏಳುವ ಆಸೆಯಿಲ್ಲ, ಉಸಿರಾಟದ ಯಂತ್ರ ಮುಂದುವರಿಸಬೇಕೋ ಬೇಡವೋ, ನಿಮ್ಮಲ್ಲಿ ಹೇಳುವವರು ಯಾರು ಎಂದು ಕೇಳಿದರು. ಹೆಂಡತಿ ಇದ್ದಳು. ಮಗ ಯಶವಂತ್ ಇದ್ದ. ಇಬ್ಬರೂ ದೊಡ್ಡಮುನಿಯಪ್ಪನ ಮುಖ ನೋಡಿದರು.

"ಅಮ್ಮನ್ನ ಕೇಳ್ಬುಟ್ ಬತ್ತೀನಿ ಇರಿ" ಎಂದು ಅವನು ಊರ ಮಾರಮ್ಮನ ಗುಡಿಗೆ ಹೋಗಿ, ತಮ್ಮ ಎದ್ದು ಬರುತ್ತಾನಾ ಎಂದು ಹೂ ಕೇಳಿದ. ಹೂ ಬಲಗಡೆ ಬಿತ್ತು. ಬಲಗಡೆ ಬಿದ್ದರೆ ಆಗುತ್ತದೆಂದು ಲೆಕ್ಕ. ಇನ್ನು ಡಾಕ್ಟರ ಮಾತು ಯಾರಿಗೆ ಬೇಕು! ಮತ್ತೆ ಇಪ್ಪತ್ತಮೂರು ದಿನ ಮುನಿಕೃಷ್ಣಪ್ಪ ಮೂಗಿಗೊಂದು, ಗಂಟಲಿಗೊಂದು ಕೊಳವೆ ತೂರಿಸಿಕೊಂಡು, ಬೆನ್ನೆಲ್ಲ ಹುಣ್ಣಾಗಿ ಸತ್ತ.

ಮಾರಮ್ಮನನ್ನು ಯಾರೂ ಬೈಯಲಿಲ್ಲ. ಮನುಷ್ಯ ತನ್ನ ಬಾಯಿಂದಲೇ ಹೇಳಿಟ್ಟದ್ದನ್ನು ಬಿಟ್ಟು ಅವಳನ್ನು ಕೇಳಿದರೆ ಪಾಪ, ಅವಳಾದರೂ ಏನು ಮಾಡಿಯಾಳು! ವೆಂಕಟಲಕ್ಷ್ಮಮ್ಮನ ಸಿಟ್ಟೆಲ್ಲ ಭಾವನ ಮೇಲೆ. ವರ್ಷದ ಕಾರ್ಯ ಮುಗಿದ ಮರುವಾರವೇ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ನೋಟರಿ ಬಳಿ ಹೋಗಿ ಕಾಗದ ಬರೆಸಿದಳು. ತನಗೆ ಪ್ರಜ್ಞೆ ತಪ್ಪಿ ಮಾತು ನಿಂತರೆ, ಚಿಕಿತ್ಸೆ ಬೇಕು ಬೇಡ ಹೇಳುವವಳು ಸೊಸೆ ಮೋನಿಕಾ.

ಅಯ್ಯೋ, ಮೋನಿಕಾ! ದಿನಕ್ಕೆ ಮೂರು ಹೊತ್ತು ಅತ್ತೆಯೊಡನೆ ಜಗಳಕ್ಕೆ ನಿಲ್ಲುವವಳು. ಆಸ್ಪತ್ರೆಯಲ್ಲಿ "ಮಾವ ಬೇಡ ಅಂದಿದ್ರಲ್ವಾ" ಎಂದು ಬಾಯಿ ಬಿಟ್ಟವಳೂ ಅವಳೊಬ್ಬಳೇ. "ನಿನ್ನೆ ಮೊನ್ನೆ ಬಂದೋಳು, ಸುಮ್ಕಿರಮ್ಮಿ" ಎಂದು ದೊಡ್ಡಮುನಿಯಪ್ಪ ಗದರಿದ್ದ.

ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅವನು ದುಮುಗುಡುತ್ತಾ ಬಂದ. ವೆಂಕಟಲಕ್ಷ್ಮಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಏಳಲಿಲ್ಲ. ಸೆರಗೂ ಎಳೆದುಕೊಳ್ಳಲಿಲ್ಲ.

"ಏನಮ್ಮ ಇದು? ಮಗ ಇಲ್ವಾ? ನಾನೇನ್ ಸತ್ತೋಗಿದ್ದೀನಾ? ಯಾವ್ದೋ ಮನೆ ಎಣ್ಣು ಬಂದು ನಿನ್ ಉಸ್ರು ನಿಲ್ಲುಸ್ಬೇಕಾ?"

"ಮಗ ಅವ್ನೆ ಭಾವ. ನಿಮ್ ಮಕ ನೋಡ್ಕಂಡ್ ನಿಂತ್ಕತಾನೆ. ನೀವು ಊ ಕೇಳಾಕ್ ಓಗ್ತೀರಿ. ಇಪ್ಪತ್ಮೂರ್ ದಿನ ಕೊಳೆತ್ರಲ್ಲ ಅವ್ರು, ಒಂದಿನಾನಾದ್ರೂ ಒಳೀಕ್ ಓಗಿ ಆ ಬೆನ್ನು ನೋಡಿದ್ರಾ ನೀವು?" ಅವಳ ದನಿ ಬೀದಿಯ ಕೊನೆಯವರೆಗೂ ಕೇಳಿತು. ಮೊರದ ಕಾಯೆಲ್ಲ ನೆಲಕ್ಕೆ ಚೆಲ್ಲಿತು. "ಒಳೀಕ್ ಬಿಟ್ಟಾಗೆಲ್ಲ ಆ ಕೀವು ಒರೆಸ್ದೋಳು ನಾನು! ನಾನು!"

ದೊಡ್ಡಮುನಿಯಪ್ಪ ಹಲ್ಲು ಕಡಿದು ಕೇಳಿದ.

"ಅಷ್ಟೆಲ್ಲಾ ಗೊತ್ತಿದ್ದೋಳು ಅವತ್ತು ನೀನ್ಯಾಕಮ್ಮ ಬಾಯ್ ಬಿಡ್ಲಿಲ್ಲ?"

ಒಳಗಿನಿಂದ ಮೋನಿಕಾ ಬಂದು ಅತ್ತೆಯ ಹಿಂದೆ ನಿಂತಳು. ವೆಂಕಟಲಕ್ಷ್ಮಮ್ಮನ ಸಿಟ್ಟು ಇಳಿಯಲಿಲ್ಲ.

"ಬಿಡ್ಲಿಲ್ಲ ಭಾವ. ಕಟ್ಕಂಡ ಎಂಡ್ತಿ, ನಾನೇ ಬಿಡ್ಲಿಲ್ಲ. ಅದ್ಕೇ ಆ ಕಾಗ್ದದಲ್ಲಿ ನನ್ನಂತೋರ್ ಎಸ್ರು ಬರೆಸ್ಲಿಲ್ಲ."