ಸಾವಿರ ಬಾಟಲಿಗಳಲ್ಲಿ ಒಬ್ಬ

ಚಿಕ್ಕಬಳ್ಳಾಪುರದ ನಮ್ಮ ಲ್ಯಾಬಿನಲ್ಲಿ, ಯಾವುದೋ ಹಿಮದ ದೇಶಕ್ಕೆಂದು ಸ್ಪ್ರೂಸ್ ಮರದ ಒಂದೇ ಬೀಜದಿಂದ ಒಂದೇ ಅಚ್ಚಿನ ಸಾವಿರ ಸಸ್ಯಭ್ರೂಣ ಬೆಳೆಸುತ್ತಿದ್ದೆವು. ಅವನ್ನು ಚಿಮಟದಲ್ಲಿ ಹಿಡಿದು ಬಾಟಲಿಗಿಡುತ್ತಿದ್ದವರು, ಮೊದಲು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಹೆಂಗಸು. ಉಸಿರು ಬಿಗಿಹಿಡಿದು ಬಾಟಲಿ ಮುಚ್ಚಿ, ಪ್ರತಿಯೊಂದಕ್ಕೂ "ಮಲ್ಕೊಳಪ್ಪ" ಎನ್ನುತ್ತಿದ್ದರು.

ಒಮ್ಮೆ ಆರ್ಡರ್ ರದ್ದಾಯಿತು. ಅಷ್ಟನ್ನೂ ಆವಿಯಲ್ಲಿ ಬೇಯಿಸಿ ಎಸೆಯಬೇಕಾಯಿತು. ನನಗೆ ಅಳು ಬಂತು. ಅವರು ಮಾತ್ರ ಮುಂದಿನ ಬಿತ್ತನೆಗೆ ಕೆಲವು ಗೂಡು ಬೇಯಿಸದೆ ಎತ್ತಿಡುವ ಹಾಗೆ ಒಂದು ಬಾಟಲಿಯನ್ನು ಪಕ್ಕಕ್ಕೆ ಎತ್ತಿಟ್ಟರು.

"ಅಳ್ಬೇಡಮ್ಮ. ಇವೆಲ್ಲಾ ಒಬ್ಬನೇ. ಒಂದು ಉಳಿದ್ರೆ ಯಾರೂ ಸತ್ತಿಲ್ಲ."

ಅವರು ತೀರಿಕೊಂಡು ವರ್ಷವಾಯಿತು. ಆ ಒಂದರಿಂದ ಮತ್ತೆ ಸಾವಿರ ಬೆಳೆಸಿದ್ದೇವೆ. ಬೆಳಿಗ್ಗೆ ನಾನು ಬಾಗಿಲು ತೆರೆದರೆ, ಸಾವಿರ ಬಾಟಲಿಗಳೊಳಗಿಂದ ಒಬ್ಬನೇ ನೋಡುತ್ತಾನೆ. ನನ್ನ ಬೆನ್ನ ಹಿಂದೆ ಅವರನ್ನು ಹುಡುಕುತ್ತಾನೆ.