ಅಡಿಗೆಮನೆ ನೋಡಿ ಆರಿಸಿದ ಕೋರ್ಸು

ನಮ್ಮ ಗೇಮ್ಸ್ ಮೇಡಂ ಕೊರಳ ಸುತ್ತ ಒಂದು ಬಿಳಿ ಗೆರೆ ಇತ್ತು. ಇಪ್ಪತ್ತು ವರ್ಷ ಕಲಬುರಗಿಯ ಬಿಸಿಲಲ್ಲಿ ನಿಂತು ಮುಖ, ಕೈ, ಕತ್ತು ಎಲ್ಲ ಕಪ್ಪಾಗಿದ್ದರೂ ಸೀಟಿಯ ದಾರ ಕೂರುವ ಜಾಗ ಮಾತ್ರ ಹಾಗೇ ಉಳಿದುಕೊಂಡಿತ್ತು. ಅವರಿಗೆ ಮದುವೆಯಾಗಿರಲಿಲ್ಲ. ತಾಳಿ ಇರಬೇಕಾದಲ್ಲಿ ಸೀಟಿ ಕಟ್ಟಿಕೊಂಡಿದ್ದಾಳೆ ಎಂದು ಜೇವರ್ಗಿ ಕಾಲೋನಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಸೀಟಿ ಊದಿದರೆ ನಲವತ್ತು ಜನ ನಿಲ್ಲುತ್ತಾರೆ, ತಾಳಿ ಕಟ್ಟಿಕೊಂಡವರ ಮಾತಿಗೆ ಒಬ್ಬನೂ ನಿಲ್ಲುವುದಿಲ್ಲ ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನು ಕಮಲಾಪುರದ ಬಾಳೆತೋಟದ ಮನೆಯವಳು; ಜೇವರ್ಗಿ ಕಾಲೋನಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಹೆಣ್ಣುಮಕ್ಕಳ ಕಾಲೇಜಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಮೇಡಂ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಮ್ಮನ್ನು ಸೇಡಂ ರಸ್ತೆಯುದ್ದಕ್ಕೂ ಓಡಿಸುತ್ತಿದ್ದರು. ತಿಂಗಳಿಗೊಮ್ಮೆ ನಮ್ಮೂರಾಚೆಯ ಗುಡ್ಡಕ್ಕೆ ಬಂಡೆ ಹತ್ತಲು ಕರೆತರುತ್ತಿದ್ದರು. ಹತ್ತುವ ಮೊದಲು, ಎಲ್ಲಾದರೂ ಸವೆದಿದೆಯೇ ಎಂದು, ಕಣ್ಣು ಮುಚ್ಚಿ ಇಡೀ ಹಗ್ಗವನ್ನು ಬೆರಳುಗಳ ನಡುವೆ ಎಳೆದು ನೋಡುವರು. ನಮ್ಮತ್ತೆ ತೊಗರಿಬೇಳೆಯಲ್ಲಿ ಹರಳು ಹುಡುಕುವಾಗಲೂ ಅಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಅವಸರ ಮಾಡಿದವಳಿಗೆ ಅವತ್ತು ಬಂಡೆಯೇ ಇಲ್ಲ, ಕೆಳಗೆ ಕೂತು ಬುತ್ತಿ ಕಾಯಬೇಕು. ನಾನು ಎಷ್ಟೋ ಸಲ ಬುತ್ತಿ ಕಾದಿದ್ದೇನೆ.

ಡಿಗ್ರಿ ಮುಗಿದಾಗ ನಾನೂ ಇದನ್ನೇ ಕೆಲಸ ಮಾಡಿಕೊಳ್ಳುತ್ತೇನೆ ಎಂದೆ. ಮಕ್ಕಳನ್ನು ಬಂಡೆ ಹತ್ತಿಸುವ, ಕಾಡಿನಲ್ಲಿ ನಡೆಸುವ, ಡೇರೆ ಹಾಕಿಸುವ ತರಬೇತುದಾರಳಾಗಲು ಅಲ್ಲೇ ಉಳಿದು ಕಲಿಯುವ ಕೋರ್ಸುಗಳಿದ್ದವು. ನಮಗೆ ಗೊತ್ತಾದವು ಎರಡು. ಒಂದು ಬಳ್ಳಾರಿ ಕಡೆ, ನಲವತ್ತು ದಿನ. ಇನ್ನೊಂದು ಹೈದರಾಬಾದಿನ ಹತ್ತಿರ, ಹನ್ನೆರಡು ದಿನ. ಮೇಡಂ ದಸರಾ ರಜೆಯಲ್ಲಿ ಸ್ವತಃ ಎರಡೂ ಕಡೆ ಹೋಗಿ, ಅಲ್ಲಿ ಒಂದೊಂದು ದಿನ ಉಳಿದು ಬಂದರು. ಹಾಸಿಗೆ, ಊಟ, ಕಕ್ಕಸು, ಹಗ್ಗ ಎಲ್ಲವನ್ನೂ ನೋಡಿದ್ದರು. ಬಂದವರೇ ಬಸ್ಸು ಹತ್ತಿ ಕಮಲಾಪುರಕ್ಕೆ ಬಂದು ನಮ್ಮ ಕಟ್ಟೆಯ ಮೇಲೆ ಕೂತರು.

ನಲವತ್ತು ದಿನದ್ದೇ ಸರಿ ಎಂದು ಅಪ್ಪನಿಗೆ ಬಿಡಿಸಿ ಹೇಳಿದರು. "ಬಂಡೆ ಹತ್ತೋದು ಯಾರಾರ ಕಲಸ್ತಾರ್ರೀ. ಹೆದರಿ ನಿಂತೋರನ್ನ ಕೆಳಗ ಇಳಸೋದು ಅಲ್ಲಿ ಕಲಸ್ತಾರ. ಹನ್ನೆರಡು ದಿನದಾಗ ಅದು ಬರಂಗಿಲ್ಲ."

ಅಪ್ಪ ಎಲ್ಲ ಕೇಳಿ, ಅಡಿಗೆ ಯಾರು ಮಾಡುತ್ತಾರೆ ಎಂದು ಕೇಳಿದರು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಅಜ್ಜಿ ಹೊರಗೆ ನೀರು ಕೂಡ ಕುಡಿದವಳಲ್ಲ. ಹೈದರಾಬಾದಿನ ಕಡೆಯದರಲ್ಲಿ ಸಸ್ಯಾಹಾರಕ್ಕೆ ಬೇರೆ ಅಡಿಗೆಮನೆ, ಅಡಿಗೆಯವರೂ ನಮ್ಮ ಪೈಕಿ, ದಿನಾ ಜೋಳದ ರೊಟ್ಟಿ. ಬಳ್ಳಾರಿ ಕಡೆ ಎಲ್ಲರಿಗೂ ಒಂದೇ ಅಡಿಗೆಮನೆ, ಮಾಂಸ ಬೇಯುವುದೂ ಅಲ್ಲೇ.

"ಒಂದೇ ಒಲಿ ಅಂದ್ರ ಹ್ಯಾಂಗ್ರೀ, ಅಕ್ಕೋರ?" ಎಂದರು ಅಪ್ಪ.

"ಒಂದೇ ಒಲಿನೇ ಅದರೀ. ಸುಳ್ಳು ಹೇಳಿ ನಿಮ್ಮ ಮಗಳನ್ನ ನಾ ಕಳಸಂಗಿಲ್ಲ," ಎಂದ ಮೇಡಂ ನನ್ನ ಕಡೆ ತಿರುಗಿದರು. "ನೀ ಏನಂತೀ, ತಂಗಿ?"

"ಅಪ್ಪ ಹೇಳಿದಂಗ್ರೀ," ಎಂದೆ.

ಎಲ್ಲರೂ ಅದನ್ನು ವಿಧೇಯತೆ ಎಂದುಕೊಂಡರು. ನಿಜ ಹೇಳಬೇಕೆಂದರೆ ನನಗೆ ಒಲೆಯ ಚಿಂತೆ ಇರಲಿಲ್ಲ. ನಲವತ್ತು ದಿನ ಡೇರೆಯಲ್ಲಿ ಮಲಗುವುದು, ದಿನವೂ ಹೊರೆ ಹೊತ್ತು ಗುಡ್ಡ ಸುತ್ತುವುದು ಎಂದು ಕೇಳಿಯೇ ನನ್ನ ಎದೆ ಅಳುಕಿತ್ತು. ಅಪ್ಪನ ಬೆನ್ನ ಹಿಂದೆ ಅಡಗಿಕೊಂಡೆ. ನಾನು ಬಾಯಿ ಬಿಟ್ಟು ಬಳ್ಳಾರಿ ಎಂದಿದ್ದರೆ ಅಪ್ಪ ಎರಡು ದಿನ ಮುನಿಸಿಕೊಂಡು ಮೂರನೇ ದಿನ ಒಪ್ಪುತ್ತಿದ್ದರು.

ಹನ್ನೆರಡು ದಿನ ಹೊಟ್ಟೆ ತುಂಬ ರೊಟ್ಟಿ ತಿಂದು ಸರ್ಟಿಫಿಕೇಟು ತಂದೆ. ಒಂದು ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಮೇಡಂ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ. ಒಂದು ಭಾನುವಾರ ತಮ್ಮ ಕಾಲೇಜಿನ ಹುಡುಗಿಯರನ್ನು ಕಮಲಾಪುರದ ಗುಡ್ಡಕ್ಕೆ ಕರೆತಂದು, ಇವತ್ತು ಕಲಿಸುವವಳು ಇವಳು ಎಂದು ನನ್ನನ್ನು ಮುಂದೆ ನಿಲ್ಲಿಸಿ, ತಾವು ಕೆಳಗೆ ಬುತ್ತಿ ಕಾಯುತ್ತ ಕೂತರು.

ಮೂರನೆಯ ಹುಡುಗಿ ಇಳಿಯುವಾಗ ಅರ್ಧದಲ್ಲಿ ಹೆದರಿ ಬಂಡೆಯನ್ನು ತಬ್ಬಿಕೊಂಡು ನಿಂತುಬಿಟ್ಟಳು. ನಾನು ಮೇಲೆ ಹಗ್ಗ ಹಿಡಿದಿದ್ದೆ. ಕೈ ಬಿಡು, ಕಾಲು ಇಡು ಎಂದು ಕೂಗಿದಷ್ಟೂ ಅವಳು ಗಟ್ಟಿಯಾಗಿ ಅಪ್ಪಿಕೊಂಡಳು. ಮುಂದೆ ಏನು ಮಾಡಬೇಕು ಎಂಬುದು ನನಗೆ ಗೊತ್ತೇ ಇರಲಿಲ್ಲ. ಐವತ್ತು ದಾಟಿದ್ದ ಮೇಡಂ ಪಕ್ಕದ ಸೀಳಿನಿಂದ ಹಗ್ಗವಿಲ್ಲದೆ ಹತ್ತಿ ಬಂದು, ಅವಳ ಪಾದಗಳನ್ನು ತಮ್ಮ ಹೆಗಲ ಮೇಲೆ ಇಡಿಸಿಕೊಂಡು, ಮಾತಾಡಿಸುತ್ತ ಮೆಲ್ಲಗೆ ಇಳಿಸಿದರು. ಕಾಲಿಡಲು ಜಾಗ ಸಿಕ್ಕ ಮೇಲೆ ಹುಡುಗಿ ಅವರನ್ನು ದಾಟಿ ತಾನೇ ಇಳಿದು ನೆಲ ಮುಟ್ಟಿದಳು. ಇನ್ನೂ ಬಂಡೆಯ ಮೇಲಿದ್ದ ಮೇಡಂ ಕಾಲ ಕೆಳಗಿನ ಕಲ್ಲು ಕಿತ್ತು ಬಂತು.

ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಗೆ ಪ್ರಿನ್ಸಿಪಾಲರು ಬಂದು ಏನಾಯಿತೆಂದು ಕೇಳಿದರು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. "ನನಗ ಹುರುಪು ಜಾಸ್ತಿ ಆಗಿತ್ರೀ, ಸುಮ್ಮನ ಹತ್ತಿ ಜಾರಿದೆ," ಎಂದರು ಮೇಡಂ. ಹುಡುಗಿಯರಿಗೂ ಬಾಯಿ ಬಿಡಬೇಡಿ ಎಂದು ಮೊದಲೇ ಹೇಳಿದ್ದರು. ನನ್ನ ಹೆಸರನ್ನೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಕಾಲೇಜು ಗುಡ್ಡದ ಪ್ರವಾಸವನ್ನೇ ನಿಲ್ಲಿಸಿತು. ಮೇಡಂ ನಿವೃತ್ತಿಯವರೆಗೂ ಆಟದ ಸಾಮಾನಿನ ಕೋಣೆಯಲ್ಲಿ ಕೂತು ಶಟಲ್ ಕಾಕು, ಬ್ಯಾಟು ಕೊಟ್ಟು ಬರೆದುಕೊಳ್ಳುವ ಕೆಲಸ ಮಾಡಿದರು. ಮರುವರ್ಷ ನಾನು ಅಪ್ಪನನ್ನು ಕೇಳದೆ ಬಳ್ಳಾರಿ ಕಡೆಗೆ ಹೋದೆ. ಬಂಡೆಯಲ್ಲಿ ಹೆದರಿ ನಿಂತವರನ್ನು ಇಳಿಸುವುದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿಸಿದರು. ಅಷ್ಟು ಸುಲಭದ ಕೆಲಸ ಅದು. ಅವತ್ತು ನನಗೆ ಊಟ ಸೇರಲಿಲ್ಲ. ಬಂದು ಕೋಲು ಹಿಡಿದಿದ್ದ ಮೇಡಂ ಎದುರು ಕೂತು, ಪ್ರಿನ್ಸಿಪಾಲರಿಗೆ ನಿಜ ಹೇಳಿಬಿಡುತ್ತೇನೆ ಎಂದೆ. ಅವರು ಬೇಡವೆಂದರು. ಹೆಣ್ಣುಮಗಳ ಕೆಲಸ ಒಮ್ಮೆ ಹೋದರೆ ಮನೆಯವರು ಮತ್ತೆ ಹೊರಗೆ ಬಿಡುವುದಿಲ್ಲ ಎಂದರು. ಬೇಡವೆಂದದ್ದು ನನಗೂ ಅನುಕೂಲವೇ ಆಯಿತು. ಇಪ್ಪತ್ತು ವರ್ಷ ನಾನು ಸಾವಿರಾರು ಮಕ್ಕಳನ್ನು ಹತ್ತಿಸಿ ಇಳಿಸಿದೆ.

ಅವರು ತೀರಿಕೊಂಡಾಗ ಕಾಲೇಜಿನಲ್ಲಿ ಒಂದು ಸಭೆ ಮಾಡಿದರು. ಹಳೆಯ ಉಪನ್ಯಾಸಕರೊಬ್ಬರು ಮಾತಾಡುತ್ತ, ಮೇಡಂ ಬಹಳ ಒಳ್ಳೆಯವರು, ಆದರೆ ಹಟಮಾರಿ, ಆ ವಯಸ್ಸಿನಲ್ಲಿ ಗುಡ್ಡ ಹತ್ತಿ ಸುಮ್ಮನೆ ಕಾಲು ಮುರಿದುಕೊಂಡರು ಎಂದರು. ಆಮೇಲೆ ಮೈಕನ್ನು ನನ್ನ ಕೈಗೆ ಕೊಟ್ಟು, "ಇವರೂ ಅವತ್ತು ಅಲ್ಲೇ ಇದ್ರು," ಎಂದರು. ಬೇಡವೆನ್ನುವವರು ಈಗ ಯಾರೂ ಇರಲಿಲ್ಲ. ನನ್ನ ಶಾಲೆಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಸೇಡಂ ರಸ್ತೆಯ ಓಟದ ಬಗ್ಗೆ ನಾಲ್ಕು ಮಾತು ಹೇಳಿ ಕೂತುಬಿಟ್ಟೆ.